ಆರು ಆಟೊ, ಒಂದು ಖಾಲಿ ಸೈಟು

ವಿದ್ಯುತ್ ಮಾರಲು ಲೈಸೆನ್ಸ್ ಬೇಕು. ಗಾಡಿಯ ಬ್ಯಾಟರಿ ಚಾರ್ಜ್ ಮಾಡಿಕೊಡಲು ಬೇಡ. ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಸಣ್ಣ ಬಂಡವಾಳದವರಿಗೆ ಈ ವ್ಯಾಪಾರದ ಬಾಗಿಲು ತೆರೆದದ್ದು ಅಲ್ಲಿಂದ. ಸೇವೆ ಎಂದ ಮೇಲೆ ತೆರಿಗೆಯೂ ಬಂತು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್, ಕೇಳಿದ್ದ ಪ್ರಶ್ನೆಗೆ 2023ರಲ್ಲಿ ಉತ್ತರಿಸಿದ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ, ಇದಕ್ಕೆ ಶೇ 18 ತೆರಿಗೆ ಅನ್ವಯಿಸುತ್ತದೆ ಎಂದಿತು. ಆದರೆ ಬರೀ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಾಗುವುದಿಲ್ಲ. ಮೊದಲ ಬಾರಿ ಕೈಹಾಕುವವರಿಗೆ ಇದು ದೊಡ್ಡ ಆಸರೆ.

ಮಂಡ್ಯದಲ್ಲಿ ಈ ಅಂಕಣಕಾರನ ಭಾಮೈದನದೊಂದು 40–60 ಸೈಟು ಖಾಲಿ ಬಿದ್ದಿತ್ತು. ಹಳೆಯ ಬೆಂಗಳೂರು–ಮೈಸೂರು ರಸ್ತೆಗೆ ಕೂಗಳತೆಯ ದೂರ. ಇಬ್ಬರೂ ಪಾಲು ಹಾಕಿ ಏನಾದರೂ ಮಾಡೋಣ ಎಂದುಕೊಂಡಾಗ ಮಾರಾಟಗಾರರೊಬ್ಬರು ತಂದಿಟ್ಟದ್ದು ಕಾರುಗಳಿಗೆಂದು ಮಾಡಿದ 60 ಕಿಲೋವಾಟ್ ಡಿಸಿ ಚಾರ್ಜರಿನ ಕೊಟೇಶನ್. ಕಣ್ಣು ಕೋರೈಸುವ ಯಂತ್ರ, ಎರಡು ಗನ್, ದೊಡ್ಡ ಪರದೆ. ಚಾರ್ಜರ್, ಕೇಬಲ್, ಪ್ಯಾನೆಲ್, ಸಿವಿಲ್ ಕೆಲಸ ಎಲ್ಲ ಸೇರಿ ಹತ್ತು ಲಕ್ಷದ ಮಾತು.

ಭಾಮೈದ ಕಾಗದ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದ: ‘ಭಾವ, ಕಾರೇ ಬರ್ದಿದ್ರೂ ತಿಂಗ್ಳಿಗೆ ಎಷ್ಟು ಕಟ್ಬೇಕು?’

ಈ ವ್ಯಾಪಾರಕ್ಕೆ ಇಳಿಯುವ ಪ್ರತಿಯೊಬ್ಬರೂ ಮೊದಲು ಕೇಳಬೇಕಾದದ್ದು ಅದನ್ನೇ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಚಾರ್ಜಿಂಗ್ ಕೇಂದ್ರಗಳಿಗೆಂದೇ ಬೇರೆ ದರ ಇಟ್ಟಿದೆ, ಅದು ಅಂಗಡಿ ಮುಂಗಟ್ಟುಗಳ ವಾಣಿಜ್ಯ ದರಕ್ಕಿಂತ ಕಡಿಮೆ. ಯೂನಿಟ್ ದರ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಂಜೂರಾದ ಲೋಡಿನ ಮೇಲೆ ಪ್ರತಿ ಕಿಲೋವಾಟ್‌ಗೆ ಕಟ್ಟುವ ನಿಗದಿತ ಶುಲ್ಕ ಬೀಳುವುದಿಲ್ಲ. ದರ ಆಗಾಗ ಪರಿಷ್ಕರಣೆಯಾಗುವುದರಿಂದ, ಲೆಕ್ಕಕ್ಕೆ ಯೂನಿಟ್ಟಿಗೆ 5, ಕಿಲೋವಾಟ್‌ಗೆ 70 ರೂಪಾಯಿ ಎಂದಿಟ್ಟುಕೊಳ್ಳೋಣ. 60 ಕಿಲೋವಾಟ್‌ಗೆ ತಿಂಗಳಿಗೆ 4,200 ರೂಪಾಯಿ, ಒಂದು ಕಾರೂ ಬರದಿದ್ದರೂ. ಹತ್ತು ಲಕ್ಷಕ್ಕೆ ಶೇ 11ರ ಬಡ್ಡಿ ತಿಂಗಳಿಗೆ 9,200ರ ಹತ್ತಿರ. ಐದು ವರ್ಷದಲ್ಲಿ ಅಸಲು ತೀರಬೇಕೆಂದರೆ ಮೊದಲ ತಿಂಗಳುಗಳಲ್ಲಿ ಇನ್ನೂ 16,700. ಒಟ್ಟು 30 ಸಾವಿರ. ತೆರಿಗೆ, ಆ್ಯಪ್ ಕಂಪನಿಯ ಪಾಲು, ಕರೆಂಟಿನ ಬೆಲೆ ಕಳೆದು ಯೂನಿಟ್ಟಿಗೆ 10 ರೂಪಾಯಿ ಉಳಿದರೂ ತಿಂಗಳಿಗೆ 3,000 ಯೂನಿಟ್, ದಿನಕ್ಕೆ 100 ಯೂನಿಟ್ ಹೋಗಲೇಬೇಕು. ಕಾರಿಗೆ 20–25 ಯೂನಿಟ್ ಎಂದರೆ ದಿನಾ ನಾಲ್ಕೈದು ಕಾರು. ಇಷ್ಟಾದರೂ ಕೈಗೆ ಬಿಡಿಗಾಸು ಬಂದಿರುವುದಿಲ್ಲ, ಸಾಲ ತೀರಿರುತ್ತದೆ ಅಷ್ಟೆ.

ನಾಲ್ಕೈದು ಕಾರು ದೊಡ್ಡದೇನಲ್ಲ ಎನಿಸಬಹುದು. ಮಂಡ್ಯದಲ್ಲಿ ಅದು ದೊಡ್ಡದೇ. 2023ರ ಮಾರ್ಚ್ 12ರಂದು ಇದೇ ಮಂಡ್ಯದಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ, ಬೆಂಗಳೂರು–ಮೈಸೂರು ನಡುವೆ ಓಡಾಡುವ ಕಾರುಗಳನ್ನು ಬೈಪಾಸಿನ ಮೇಲೆ ಎತ್ತಿಕೊಂಡು ಹೋಯಿತು. ಮದ್ದೂರಿನ ವಡೆ ಹೋಟೆಲಿನವರಿಗೆ ಆ ಪೆಟ್ಟು ಚೆನ್ನಾಗಿ ಗೊತ್ತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಹೆದ್ದಾರಿಯ ಮುಖ್ಯ ಪಥ ನಿಷಿದ್ಧ. ಹಾಗಾಗಿ ದೂರದ ಕಾರುಗಳು ಮೇಲೆ, ಊರಿನ ಆಟೊ ಸ್ಕೂಟರ್‌ಗಳು ಕೆಳಗೆ. ಸೈಟಿರುವುದು ಕೆಳಗೆ.

ಇನ್ನೊಂದು ಸಂಗತಿ ಕೊಟೇಶನ್ನಿನಲ್ಲಿ ಇರುವುದಿಲ್ಲ. ಚಾರ್ಜರ್ 60 ಕಿಲೋವಾಟಿನದಾದರೂ ಎಷ್ಟು ಎಳೆಯಬೇಕೆಂದು ತೀರ್ಮಾನಿಸುವುದು ಕಾರು. 24 ಯೂನಿಟ್ ಬ್ಯಾಟರಿಯ ಟಾಟಾ ಟಿಯಾಗೊ ಶೇ 10ರಿಂದ 80ಕ್ಕೆ ಏರಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ಆ ಗಂಟೆಯಲ್ಲಿ ಹೋಗುವುದು 17 ಯೂನಿಟ್. ಶೇ 80 ದಾಟಿದ ಮೇಲೆ ಇನ್ನೂ ನಿಧಾನ. ಸಣ್ಣ ಕಾರುಗಳೇ ಹೆಚ್ಚಿರುವ ಊರಿನಲ್ಲಿ ಮಾಲೀಕ ದುಡ್ಡು ಕಟ್ಟುವುದು 60ಕ್ಕೆ, ಬಳಕೆಯಾಗುವುದು ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ.

ಕಡೆಗೆ ಭಾವ, ಭಾಮೈದ ಇಬ್ಬರೂ ಆರಿಸಿಕೊಂಡದ್ದು ಆಟೊಗಳನ್ನು. ಎಲೆಕ್ಟ್ರಿಕ್ ಆಟೊಗಳಲ್ಲಿ ಬಹಳಷ್ಟಕ್ಕೆ ವಿಶೇಷ ಗನ್ ಬೇಕಿಲ್ಲ, 16 ಆ್ಯಂಪಿಯರ್ ಸಾಕೆಟ್ ಸಾಕು. ಮಹೀಂದ್ರ ಟ್ರಿಯೊದ ಬ್ಯಾಟರಿ 7.37 ಯೂನಿಟ್ಟಿನದು, ಖಾಲಿಯಿಂದ ಪೂರ್ತಿ ತುಂಬಲು ನಾಲ್ಕು ಗಂಟೆಯ ಹತ್ತಿರ ಹಿಡಿಯುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಒಯ್ಯುವವನಿಗೆ ವೇಗ ಕಟ್ಟಿಕೊಂಡು ಏನಾಗಬೇಕು?

ಆದರೆ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವುದು ಬಿಟ್ಟು ಇಲ್ಲಿಗೇಕೆ ಬರುತ್ತಾರೆ? ಉತ್ತರ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನಕ್ಕೆ 7 ಯೂನಿಟ್ ಕುಡಿಯುವ ಆಟೊ ತಿಂಗಳಿಗೆ 210 ಯೂನಿಟ್ ತೆಗೆದುಕೊಳ್ಳುತ್ತದೆ. ಮನೆಯ 70 ಯೂನಿಟ್ ಸೇರಿದರೆ 280. ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ಲು, ನಿಗದಿತ ಶುಲ್ಕವೂ ಸೇರಿ 1,900ರ ಸುತ್ತ ಬರುತ್ತದೆ. ವಠಾರದಲ್ಲಿ ಬಾಡಿಗೆಗೆ ಇರುವವನಿಗಂತೂ ಓಣಿಯೊಳಗೆ ಆಟೊ ನುಗ್ಗುವುದಿಲ್ಲ, ಕಿಟಕಿಯಿಂದ ವೈರು ಎಳೆದರೆ ಮನೆ ಮಾಲೀಕ ಸುಮ್ಮನಿರುವುದಿಲ್ಲ. ಸೈಟಿನಲ್ಲಿ ಯೂನಿಟ್ಟಿಗೆ 9 ರೂಪಾಯಿ ಇಟ್ಟದ್ದು ಈ ಲೆಕ್ಕದಿಂದಲೇ: 210 ಯೂನಿಟ್ಟಿಗೆ 1,890. ಸ್ವಂತ ಮನೆ, ಅಂಗಳ ಇರುವವರು ಬರಲಿಲ್ಲ. ಬಾಡಿಗೆಯವರು ಬಂದರು.

ಆರು ಸಾಕೆಟ್, 20 ಕಿಲೋವಾಟ್ ಲೋಡು, ತಗಡಿನ ಚಾವಣಿ, ಮೀಟರ್ ಬೋರ್ಡು ಎಲ್ಲ ಒಂದೂವರೆ ಲಕ್ಷದೊಳಗೆ ಮುಗಿಯಿತು. ಆರೂ ಆಟೊ ದಿನಾ ಬಂದರೆ ಯೂನಿಟ್ಟಿಗೆ 4 ರೂಪಾಯಿಯಂತೆ ತಿಂಗಳಿಗೆ 5,000 ಉಳಿಯುತ್ತದೆ, ನಿಗದಿತ ಶುಲ್ಕ 1,400 ಕಳೆದರೆ 3,600. ಇದಿಷ್ಟೇ ಆಗಿದ್ದರೆ ಶ್ರಮಕ್ಕೆ ತಕ್ಕದ್ದಲ್ಲ. ಗೇಟು, ದೀಪ, ಕ್ಯಾಮೆರಾ ಇರುವ ಜಾಗದಲ್ಲಿ ರಾತ್ರಿ ಗಾಡಿ ನಿಲ್ಲಿಸಲು 20 ರೂಪಾಯಿ ಕೊಡಲು ಚಾಲಕರು ತಾವಾಗಿಯೇ ಒಪ್ಪಿದರು. ಅದೂ ತಿಂಗಳಿಗೆ 3,600. ಕರೆಂಟಿನಿಂದ ಬಂದಷ್ಟೇ ನಿಲುಗಡೆಯಿಂದಲೂ ಬಂತು. ಹಾಕಿದ ದುಡ್ಡು ಎರಡು ವರ್ಷದೊಳಗೆ ವಾಪಸಾಗುವ ಲೆಕ್ಕ.

ಇಲ್ಲಿ ಅರ್ತಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಖರ್ಚು ಉಳಿಸಲು ಎಲ್ಲರೂ ಮೊದಲು ಕೈಹಾಕುವುದು ಅಲ್ಲಿಗೇ. ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ನಡುವೆ ವೋಲ್ಟೇಜ್ ಜಾಸ್ತಿಯಾದರೆ ಅನೇಕ ಚಾರ್ಜರ್‌ಗಳು ಶುರುವಾಗುವುದೇ ಇಲ್ಲ, ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಸೈಟಿನ ಮೂಲೆಯಲ್ಲಿ ಗುಂಡಿ ತೆಗೆದು, ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿದ್ದಾರೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಾಗ ಭಾಮೈದ ಸಂಜೆ ಅದರ ಬಾಯಿಗೆ ಒಂದು ಬಿಂದಿಗೆ ನೀರು ಹೊಯ್ಯುತ್ತಾನೆ. ಪ್ರತಿ ಸಾಕೆಟ್ಟಿಗೂ, ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಬೇರೆ ಬೇರೆ ಆರ್‌ಸಿಸಿಬಿ ಇದೆ, ಮಳೆಯಲ್ಲಿ ನೆನೆದ ಒಂದು ಪ್ಲಗ್ಗಿನಿಂದ ಆರೂ ಆಟೊ ಚಾರ್ಜಾಗದೆ ಉಳಿಯಬಾರದೆಂದು. ಬೆಳಿಗ್ಗೆ ಐದಕ್ಕೆ ರೈಲ್ವೆ ಸ್ಟೇಷನ್ನಿನ ಸರದಿಗೆ ಹೊರಡುವ ಚಾಲಕನ ಆ ದಿನದ ಅನ್ನ ಅದರ ಮೇಲೆ ನಿಂತಿದೆ.

ಆ್ಯಪ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವವರು ಎರಡು ವಿಷಯ ಬರವಣಿಗೆಯಲ್ಲಿ ಪಡೆಯಬೇಕು: ಹಣ ಎಷ್ಟು ದಿನಕ್ಕೊಮ್ಮೆ ಖಾತೆಗೆ ಬರುತ್ತದೆ, ಮತ್ತು ಚಾರ್ಜರ್ ಒಸಿಪಿಪಿ ಎಂಬ ಮುಕ್ತ ಮಾನದಂಡವನ್ನು ಒಪ್ಪುತ್ತದೆಯೇ. ಎರಡನೆಯದು ಇದ್ದರೆ ಕಂಪನಿ ಸರಿಬರದಿದ್ದಾಗ ಯಂತ್ರ ಹಾಗೇ ಇಟ್ಟುಕೊಂಡು ಆ್ಯಪ್ ಮಾತ್ರ ಬದಲಿಸಬಹುದು. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆಂದು 2,000 ಕೋಟಿ ಇರಿಸಿದ್ದಾರೆ, ನಿಜ. ಸಿಕ್ಕರೆ ಸಂತೋಷ. ಆದರೆ ಅನುದಾನ ಬಾರದೆ ಉಳಿಯಲಾರದ ಲೆಕ್ಕದ ಮೇಲೆ ಯಾರೂ ಸಾಲ ಮಾಡಬಾರದು ಎಂಬುದು ಈ ಅಂಕಣಕಾರನ ಗಟ್ಟಿ ಅಭಿಪ್ರಾಯ.

ಹಗಲು ಆರೂ ಸಾಕೆಟ್ ಖಾಲಿ ಇರುತ್ತವೆ. ನಿಗದಿತ ಶುಲ್ಕ ಹೇಗೂ ಕಟ್ಟಿ ಆಗಿರುತ್ತದೆ. ಊಟ ತಲುಪಿಸುವ ಹುಡುಗರ ಸ್ಕೂಟರ್‌ಗಳಿಗೆ ಮಧ್ಯಾಹ್ನದ ಹೊತ್ತು ಕೊಡುವ ಬಗ್ಗೆ ಭಾಮೈದ ಈಗ ಮಾತಾಡುತ್ತಿದ್ದಾನೆ. ದಿನಕ್ಕೆ ಆರು ಸ್ಕೂಟರ್, ತಲಾ 3 ಯೂನಿಟ್ ಎಂದರೆ ತಿಂಗಳಿಗೆ ಇನ್ನೂ ಎರಡು ಸಾವಿರ. ಹುಡುಗರು ಕೇಳಿದ್ದು ನೆರಳು ಮತ್ತು ಕುಡಿಯುವ ನೀರು. ತಗಡಿನ ಚಾವಣಿಯನ್ನು ರಸ್ತೆಯ ಕಡೆಗೆ ಇನ್ನೂ ಹತ್ತಡಿ ಮುಂದಕ್ಕೆ ತರಲು ವೆಲ್ಡಿಂಗ್‌ನವನು ಅಳತೆ ತೆಗೆದುಕೊಂಡು ಹೋಗಿದ್ದಾನೆ.