ಸಾವಿರ ಸಲ ಎಸೆದರೆ ಒಂದು ಸ್ಟೀಲ್‌ಹೆಡ್

ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆದಂಡೆಗಳಲ್ಲಿ ಸ್ಟೀಲ್‌ಹೆಡ್ ಟ್ರೌಟ್‌ಗೆ ‘ಸಾವಿರ ಎಸೆತದ ಮೀನು’ ಎಂಬ ಅಡ್ಡಹೆಸರಿದೆ. ಸಾವಿರ ಸಲ ಗಾಳ ಬೀಸಿದ ಮೇಲೆ ಒಂದು ಸಿಕ್ಕೀತು ಎಂಬ ಲೆಕ್ಕ. ಲೆಕ್ಕ ಸ್ವಲ್ಪ ಉದಾರವಾಯಿತು ಎನ್ನುವುದು ನನ್ನ ಅನಿಸಿಕೆ; ಮೊದಲ ಮೀನಿಗಾಗಿ ನಾನು ಎರಡು ಚಳಿಗಾಲ ನೆನೆದಿದ್ದೇನೆ. ಸಿಯಾಟಲ್ ಕಡೆ ನೆಲೆಸಿ, ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಹೊಳೆಗಿಳಿಯುವ ಆಸೆಯಿರುವ ಕನ್ನಡಿಗರಿಗೆ ಆ ಎರಡು ಚಳಿಗಾಲ ಉಳಿಯಲಿ ಎಂದು ಈ ಸೂತ್ರಗಳು.

1. ಮೀನಿನ ಜಾತಕ ತಿಳಿಯಿರಿ. ಸ್ಟೀಲ್‌ಹೆಡ್ ಬೇರೆ ಪ್ರಭೇದವಲ್ಲ, ರೇನ್‌ಬೋ ಟ್ರೌಟೇ. ಊಟಿ ಹತ್ತಿರದ ಅವಲಾಂಚೆಯಲ್ಲಿ ಸಾಕುವ ಟ್ರೌಟ್‌ಗೆ ಇದು ದಾಯಾದಿ. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಕೊಬ್ಬಿ, ಮೊಟ್ಟೆಯಿಡಲು ತವರಿಗೆ ಮರಳುತ್ತದೆ. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಮತ್ತೆ ಕಡಲು ಕಂಡು ಮತ್ತೆ ಬರುತ್ತವೆ. ಹೊಳೆಗೆ ಬಂದದ್ದು ಹೊಟ್ಟೆಪಾಡಿಗಲ್ಲವಾದ್ದರಿಂದ ಅದು ಎರೆಯನ್ನು ಹುಡುಕಿಕೊಂಡು ಬರುವುದಿಲ್ಲ. ಎರೆಯೇ ಅದರ ಮೂಗಿನ ಮುಂದೆ ಹೋಗಬೇಕು.

2. ಹಿಂದಿನ ರಾತ್ರಿ ನಿಯಮ ನೋಡಿ. ಚಳಿಗಾಲದ ಮೀನು ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೊಳೆ ಏರುತ್ತದೆ, ಬೇಸಿಗೆಯದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆದರೆ ಮೀನು ಬಂದಿದೆ ಎಂದ ಮಾತ್ರಕ್ಕೆ ಹೊಳೆ ತೆರೆದಿದೆ ಎಂದಲ್ಲ. ಮೀನು ಕಡಿಮೆಯೆಂದು ಕಂಡರೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಋತುವಿನ ನಡುವೆಯೇ ಬಾಗಿಲು ಹಾಕುತ್ತದೆ. ಕೆಲವು ಹೊಳೆಗಳಲ್ಲಿ ಎರೆಗೆ ನಿಷೇಧ, ಕೊಕ್ಕೆಗೆ ಹಿಮ್ಮುಳ್ಳು ಇರಕೂಡದು. ಹೊಸಬರಿಗೆ ಕೌಲಿಟ್ಜ್ ಹೊಳೆ, ಸ್ಕೈಕೋಮಿಶ್‌ನ ರೈಟರ್ ಪಾಂಡ್ಸ್ ಸುತ್ತಮುತ್ತಲ ಜಾಗ ವಾಸಿ. ಎರಡು ಕಡೆಯೂ ಮರಿಕೇಂದ್ರದಿಂದ (ಹ್ಯಾಚರಿ) ಬಿಟ್ಟ ಮೀನು ಮರಳಿ ಬರುತ್ತದೆ. ಜನಜಂಗುಳಿಯೂ ಇರುತ್ತದೆ, ಸಹಿಸಿಕೊಳ್ಳಿ.

3. ಆಕಾಶ ನೋಡಬೇಡಿ, ನೀರಿನ ಬಣ್ಣ ನೋಡಿ. ಬಿಸಿಲು ಬಿತ್ತೆಂದು ಹೊರಟವನು ಬರಿಗೈಲಿ ಬರುತ್ತಾನೆ. ಮಳೆಗೆ ಕೆಂಪಾಗಿ ಏರಿದ ಹೊಳೆ ಇಳಿಯುತ್ತ, ತಿಳಿಯಾಗುತ್ತ, ಎರಡು ಮೂರು ಅಡಿ ಆಳದವರೆಗೆ ಕಾಣುವಷ್ಟು ಹಸಿರಾದ ದಿನವೇ ದಿನ. ಅಮೆರಿಕದ ಭೂಗರ್ಭ ಸಮೀಕ್ಷೆಯ ಮಾಪಕಗಳು ಅನೇಕ ಹೊಳೆಗಳ ಹರಿವನ್ನು ಫೋನಿನಲ್ಲೇ ತೋರಿಸುತ್ತವೆ. ಗೆರೆ ಕೆಳಗಿಳಿಯುತ್ತಿದ್ದರೆ ಅಲಾರಂ ಇಟ್ಟು ಮಲಗಿ.

4. ನಡಿಗೆಯ ವೇಗದ ನೀರು ಹುಡುಕಿ. ಇಡೀ ವಿದ್ಯೆ ಇರುವುದು ಇಲ್ಲಿ. ಉಳಿದದ್ದೆಲ್ಲ ಸಾಮಾನು ಖರೀದಿ. ಮನುಷ್ಯ ಆರಾಮವಾಗಿ ನಡೆಯುವಷ್ಟು ವೇಗದ, ಸೊಂಟದಿಂದ ತಲೆಯವರೆಗಿನ ಆಳದ ನೀರು ಈ ಮೀನಿಗೆ ಇಷ್ಟ. ನೊರೆಯೆದ್ದು ಓಡುವ ಸೆಳವಲ್ಲಿ ಅದಕ್ಕೆ ದಣಿವು, ಸತ್ತ ನೀರಲ್ಲಿ ಬೇಸರ. ಓಡುವ ನೀರೂ ನಿಧಾನದ ನೀರೂ ತಾಗುವ ಕಡೆ ಮೇಲ್ಮೈಯಲ್ಲಿ ಒಂದು ಗೆರೆ ಕಾಣುತ್ತದಲ್ಲ, ಅದರ ಉದ್ದಕ್ಕೂ ಗಾಳ ತೇಲಿಸಿ. ದೊಡ್ಡ ಬಂಡೆಯ ಹಿಂದು ಮುಂದು ಬಿಡಬೇಡಿ. ಮಡು ಮುಗಿದು ನೀರು ತೆಳುವಾಗುವ ಬಾಲದ ಭಾಗವನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ. ಕೆಳಗಿನ ಸೆಳವನ್ನು ಏರಿ ಬಂದ ಮೀನು ಮೊದಲು ಉಸಿರು ಬಿಡುವುದು ಅಲ್ಲೇ. ಇನ್ನೊಂದು: ನಸುಕಿನಲ್ಲಿ ಮೀನು ದಂಡೆಗೆ ತೀರ ಹತ್ತಿರ ನಿಂತಿರುತ್ತದೆ. ಬಂದವರೇ ಮೊಣಕಾಲುದ್ದ ನೀರಿಗೆ ಇಳಿದು ದೂರಕ್ಕೆ ಎಸೆಯುವವರು ತಮ್ಮ ಮೀನನ್ನು ತಾವೇ ತುಳಿದು ಓಡಿಸುತ್ತಾರೆ. ನಾನು ಒಂದಿಡೀ ಚಳಿಗಾಲ ಮಾಡಿದ ಘನಕಾರ್ಯ ಅದು.

5. ಸಾಮಾನು ಸರಳವಾಗಿರಲಿ. ಒಂಬತ್ತು ಅಡಿಯ ರಾಡು, ಹತ್ತು ಹನ್ನೆರಡು ಪೌಂಡಿನ ದಾರ, ಒಂದು ಬೆಂಡು, ಅದರಡಿ ಗುಲಾಬಿ ಬಣ್ಣದ ಜಿಗ್ (ತೂಕದ ಕೊಕ್ಕೆಗೆ ಗರಿ ಕಟ್ಟಿದ ಹುಸಿ ಎರೆ) ಅಥವಾ ಮೀನಿನ ಮೊಟ್ಟೆ. ಎರೆ ತಳಕ್ಕಿಂತ ಒಂದಡಿ ಮೇಲೆ ತೇಲಲಿ. ಬೆಂಡು ಮುಳುಗಿದರೆ ಯೋಚಿಸಬೇಡಿ, ಎಳೆಯಿರಿ. ನೊಣಗಾಳದ (ಫ್ಲೈ ಫಿಶಿಂಗ್) ಮೋಹ ಆಮೇಲೆ ಬರಲಿ.

6. ಸಿಕ್ಕಮೇಲೆ ಹಟ ಬೇಡ. ಓಡಿದರೆ ಬಿಡಿ, ನಿಂತರೆ ಸುತ್ತಿ. ನೆಗೆದಾಗ ರಾಡಿನ ತುದಿ ತಗ್ಗಿಸಿ, ಇಲ್ಲದಿದ್ದರೆ ದಾರ ಹರಿದೀತು.

7. ಸೊಂಟಪಟ್ಟಿ ಬಿಗಿಯಿರಿ. ಹೊಳೆಗಿಳಿಯಲು ತೊಡುವ ಜಲನಿರೋಧಕ ವೇಡರ್ ಒಳಗೆ ನೀರು ತುಂಬಿದರೆ ಏಳುವುದು ಕಷ್ಟ. ಹಿಮ ಕರಗಿದ ನೀರಿಗೆ ನಮ್ಮ ಈಜು ಗೊತ್ತಿಲ್ಲ.

8. ಬೆನ್ನು ನೋಡಿ ತೀರ್ಮಾನಿಸಿ. ಬೆನ್ನಿನ ಮೇಲೆ ಬಾಲಕ್ಕೆ ಸ್ವಲ್ಪ ಮುಂಚೆ ಬೆರಳ ತುದಿಯಷ್ಟು ಮೆತ್ತನೆಯ ಕಿರುರೆಕ್ಕೆ ಇದ್ದರೆ ಅದು ಕಾಡುಮೀನು; ಬಿಟ್ಟುಬಿಡಬೇಕು. ಆ ಕಿರುರೆಕ್ಕೆಯನ್ನು ಮರಿಯಲ್ಲೇ ಕತ್ತರಿಸಿದ್ದು, ಆ ಜಾಗ ಮಾಗಿದ್ದರೆ ಮರಿಕೇಂದ್ರದ್ದು. ಹೊಳೆಯ ನಿಯಮ ಒಪ್ಪಿದರೆ ಮನೆಗೆ ಒಯ್ಯಬಹುದು, ಹಿಡಿದ ಮೀನಿನ ದಾಖಲೆ ಕಾರ್ಡಿನಲ್ಲಿ ಅಲ್ಲೇ ಬರೆಯಬೇಕು. ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಪಾಯದಂಚಿನ ಪಟ್ಟಿಯಲ್ಲಿದೆ. ಬಿಡಬೇಕಾದ ಮೀನನ್ನು ಪೂರ್ತಿ ನೀರಿನಿಂದ ಎತ್ತುವುದೂ ಈ ರಾಜ್ಯದಲ್ಲಿ ಅಪರಾಧ. ಎದೆಗಪ್ಪಿ ಫೋಟೊ ತೆಗೆಸಿಕೊಳ್ಳುವ ಚಪಲ ಬಿಡಿ. ಬಿಟ್ಟ ಮೀನು ವ್ಯರ್ಥವಲ್ಲ: ಇದೇ ರಾಜ್ಯದ ಎಲ್ವಾ ಹೊಳೆಯ ಎರಡು ಅಣೆಕಟ್ಟು 2011ರಿಂದ 2014ರೊಳಗೆ ಒಡೆದ ಮೇಲೆ ಸ್ಟೀಲ್‌ಹೆಡ್ ಮೇಲಿನ ಕಣಿವೆಗೆ ಮರಳಿತು. ದಾರಿ ಬಿಟ್ಟರೆ ಬರುವ ಮೀನು ಇದು.

9. ಅಡುಗೆ ಹೊಳೆಯಲ್ಲೇ ಶುರು. ತಲೆಗೆ ಒಂದೇ ಪೆಟ್ಟು, ತಕ್ಷಣ ಕಿವಿರು ಕತ್ತರಿಸಿ ರಕ್ತ ಹರಿಯಬಿಡಿ, ಆಮೇಲೆ ಐಸು. ಇದನ್ನು ತಪ್ಪಿಸಿದರೆ ಯಾವ ಮಸಾಲೆಯೂ ವಾಸನೆ ಮುಚ್ಚದು. ಮೈ ಬೆಳ್ಳಿಯಂತಿದ್ದರೆ ಮಾಂಸ ಕಿತ್ತಳೆ ಬಣ್ಣ, ರುಚಿ ಪೂರ್ತಿ. ಹೊಳೆಯಲ್ಲೇ ಬಹಳ ದಿನ ಇದ್ದು ಕಪ್ಪಾದದ್ದು ಸಪ್ಪೆ. ಉಪ್ಪು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಬೆಳ್ಳುಳ್ಳಿ, ಹುಣಸೆರಸ ಸವರಿ ಅರ್ಧ ಗಂಟೆ ಬಿಟ್ಟು, ಕಾದ ಕಾವಲಿಗೆ ತೆಂಗಿನೆಣ್ಣೆ ಹಾಕಿ ಚರ್ಮದ ಮಗ್ಗುಲನ್ನು ಮೊದಲು ಇಳಿಸಿ. ಚರ್ಮ ಗರಿಗರಿಯಾಗುವವರೆಗೆ ತಿರುವಬೇಡಿ. ಗಸಿ ಮಾತ್ರ ಮಾಡಬೇಡಿ. ಮೆತ್ತನೆಯ ಮಾಂಸ ಪುಡಿಯಾಗಿ, ಬಂಗುಡೆಯನ್ನು ನೆನೆದು ಅಳಬೇಕಾದೀತು. ಉಳಿದದ್ದನ್ನು ಉಪ್ಪುನೀರಲ್ಲಿ ನೆನೆಸಿ, ಇಲ್ಲಿಯವರಂತೆ ಆಲ್ಡರ್ ಸೌದೆಯ ಹೊಗೆಯಲ್ಲಿಡಿ.

10. ಮನೆಯಲ್ಲಿ ನಾಯಿ ಇದ್ದರೆ ತಲೆ, ಕರುಳು, ಹಸಿ ತುಂಡು ಯಾವುದನ್ನೂ ಅದರ ಬಾಯಿಗೆ ಹಾಕಬೇಡಿ. ಈ ಸೀಮೆಯ ಹಸಿ ಸಾಲ್ಮನ್, ಟ್ರೌಟ್‌ಗಳ ಮೈಯಲ್ಲಿರುವ ಒಂದು ಪರೋಪಜೀವಿ ಹುಳು ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತದೆ. ಅದು ತಗುಲಿದ ನಾಯಿ ಚಿಕಿತ್ಸೆ ಸಿಗದಿದ್ದರೆ ಎರಡು ವಾರದೊಳಗೆ ಸಾಯಬಹುದು.