ದಪ್ಪ ಮಕ್ಕಳ ಉಸಿರು: ಮೈದಾನದಲ್ಲಿ ಕಲಿತದ್ದು

ಪಿಟಿ ಟೀಚರಾದವರಿಗೆ ಮಕ್ಕಳ ಅಕ್ಷರಕ್ಕಿಂತ ಉಸಿರಿನ ಪರಿಚಯವೇ ಹೆಚ್ಚು. ಯಾರು ಎಷ್ಟು ಸುತ್ತು ಓಡುತ್ತಾರೆ, ಯಾರು ಮೊದಲ ತಿರುವಿನಲ್ಲೇ ಸೊಂಟ ಹಿಡಿದುಕೊಳ್ಳುತ್ತಾರೆ, ಯಾರ ಎದೆಯಿಂದ ಸುಂಯ್ ಎನ್ನುವ ಸದ್ದು ಬರುತ್ತದೆ ಎಂಬುದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಕಡೂರಿನಲ್ಲಿ ಕೆಲಸಕ್ಕೆ ಸೇರಿ, ವರ್ಗವಾಗಿ ತರೀಕೆರೆಯಲ್ಲಿದ್ದು, ಈಗ ಅಜ್ಜಂಪುರದಲ್ಲಿರುವ ನನಗೆ ಈ ಮೂರೂ ಊರುಗಳ ಮಕ್ಕಳು ಕಲಿಸಿದ್ದು ಬಹಳ. ಅದರಲ್ಲಿ ಒಂದನ್ನು ತಂದೆತಾಯಿಗಳಿಗೆ ಹೇಳಲೇಬೇಕು. ದಪ್ಪಗಿರುವ ಮಗು ಬೇಗ ಏದುಸಿರು ಬಿಟ್ಟರೆ ಅದು ಸೋಮಾರಿತನವಲ್ಲ. ‘ದಪ್ಪ ಇದ್ದಾನೆ, ಅದಕ್ಕೇ’ ಎಂದು ಸುಮ್ಮನಾಗುವ ವಿಷಯವೂ ಅಲ್ಲ. ಹೆಚ್ಚಾದ ತೂಕ ಆ ಮಗುವಿನ ಶ್ವಾಸಕೋಶ ಕೆಲಸ ಮಾಡುವ ರೀತಿಯನ್ನೇ ಬದಲಿಸಿರುತ್ತದೆ.

ಕಡೂರು ಸೀಮೆ ಬರ ಕಂಡ ಸೀಮೆ. ಮಳೆ ಕೈಕೊಟ್ಟು ತೆಂಗು ಒಣಗಿದ ವರ್ಷಗಳನ್ನು, ರಾಗಿಯೂ ಸಾಲದೆ ಹೋದ ದಿನಗಳನ್ನು ಕಂಡ ಅಜ್ಜಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ಮೊಮ್ಮಗ ಮೈಕೈ ತುಂಬಿಕೊಂಡಿದ್ದರೆ ಮನೆಗೇ ಕಳೆ. ಹಬ್ಬಕ್ಕೆ ಬಂದ ನೆಂಟರು ‘ಎಷ್ಟು ಮುದ್ದಾಗಿ ಗುಂಡುಗುಂಡಗಿದ್ದಾನೆ’ ಅಂದರೆ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಈ ಪ್ರೀತಿಯನ್ನು ನಾನು ಅಗೌರವಿಸಲಾರೆ. ಹಸಿವು ಕಂಡವರಿಗೆ ಮಾತ್ರ ಅದರ ಬೆಲೆ ಗೊತ್ತು. ಆದರೆ ಕಾಲ ತಿರುಗಿದೆ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2024ರಲ್ಲಿ ಬಂದ ಲೆಕ್ಕದ ಪ್ರಕಾರ, 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಭಾರತದಲ್ಲಿ ಸುಮಾರು 4 ಲಕ್ಷ ಇದ್ದರು. 2022ರ ಹೊತ್ತಿಗೆ ಆ ಸಂಖ್ಯೆ ಸುಮಾರು 1.25 ಕೋಟಿ. ಅದು ದೊಡ್ಡ ನಗರಗಳಲ್ಲಿ ಮಾತ್ರ ಸೇರಿಕೊಂಡ ಕೋಟಿಯಲ್ಲ. ನಮ್ಮ ಪ್ರಾರ್ಥನೆಯ ಸಾಲಿನಲ್ಲೂ ಅವರು ನಿಂತಿದ್ದಾರೆ.

ಶಾಲೆಯಲ್ಲಿ ಈ ಮಕ್ಕಳಿಗೆ ಒಂದೇ ಆಟ ಎಂದು ಯಾರೋ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ: ಗುಂಡು ಎಸೆತ. ಹೋಬಳಿ ಮಟ್ಟದ ಕ್ರೀಡಾಕೂಟ ಬಂತೆಂದರೆ ಸಣ್ಣಗಿರುವವರು ಓಟಕ್ಕೆ, ದಪ್ಪಗಿರುವವರು ಗುಂಡಿಗೆ. ಉಳಿದ ದಿನ ಅವರು ಮರದ ಕೆಳಗೆ ಕೂತು ಬ್ಯಾಗು ಕಾಯಬೇಕು. ಎಷ್ಟೋ ಮನೆಯವರು ‘ಓಡಿಸಬೇಡಿ ಮೇಡಂ, ಅವನಿಗೆ ದಮ್ಮು ಹತ್ತುತ್ತೆ’ ಎಂದು ಚೀಟಿಯನ್ನೂ ತಂದುಕೊಡುತ್ತಾರೆ.

ಕಡೂರಿನಲ್ಲಿ ಏಳನೇ ತರಗತಿಯ ಒಬ್ಬ ಹುಡುಗನಿದ್ದ. ಎತ್ತರ 142 ಸೆಂಟಿಮೀಟರ್, ತೂಕ 54 ಕೆ.ಜಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ ಲೆಕ್ಕದಲ್ಲಿ ಸುಮಾರು 26.8. ಹನ್ನೆರಡರ ಹುಡುಗನಿಗೆ ಇದು ಬೊಜ್ಜಿನ ಗೆರೆಯನ್ನು ದಾಟಿದ ಅಂಕಿ. ಓಡುವಾಗ ಅವನು ಅಷ್ಟೇನೂ ಕೆಮ್ಮುತ್ತಿರಲಿಲ್ಲ. ನಿಂತ ಮೇಲೆ, ಉಳಿದವರೆಲ್ಲ ನೀರು ಕುಡಿದು ಮಾತಿಗೆ ಕೂತ ಮೇಲೆ, ಅವನಿಗೆ ಒಣ ಕೆಮ್ಮು ಶುರುವಾಗುತ್ತಿತ್ತು. ಎರಡೂ ಕೈ ಮಂಡಿಯ ಮೇಲೆ ಊರಿ, ಭುಜ ಏರಿಸಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಕುತ್ತಿಗೆಯ ಬುಡದ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಜಗ್ಗುತ್ತಿತ್ತು. ಬರೀ ಆಯಾಸವಾಗಿದ್ದರೆ ನಿಂತ ಕೂಡಲೇ ಇಳಿಯುತ್ತಾ ಬರಬೇಕು. ನಿಂತು ಐದು ಹತ್ತು ನಿಮಿಷದಲ್ಲಿ ಕೆಮ್ಮು ಏರಿದರೆ ಅದು ಶ್ವಾಸನಾಳ ಬಿಗಿಯುತ್ತಿರುವ ಸೂಚನೆ. ಈ ವ್ಯತ್ಯಾಸವನ್ನು ಗುರುತಿಸಲು ಯಾವ ಉಪಕರಣವೂ ಬೇಡ, ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು.

ಅವನ ತಾಯಿಯನ್ನು ಒಪ್ಪಿಸಿ ಮಕ್ಕಳ ತಜ್ಞರಲ್ಲಿಗೆ ಕಳಿಸಿದ್ದಾಯಿತು. ಅಲ್ಲಿ ಸ್ಪೈರೋಮೆಟ್ರಿ ಮಾಡಿದರು. ಕೊಳವೆಗೆ ಬಾಯಿಟ್ಟು, ಎದೆ ತುಂಬ ಗಾಳಿ ಎಳೆದು, ಒಂದೇ ಸಮನೆ ಜೋರಾಗಿ ಊದುವ ಪರೀಕ್ಷೆ. ಫಲಿತಾಂಶ ನೋಡಿ ತಾಯಿಗೆ ಗೊಂದಲವಾಯಿತು, ನನಗೂ ಆಯಿತು. ಅವನು ಊದಿದ ಒಟ್ಟು ಗಾಳಿ ಅವನ ಎತ್ತರದ ಹುಡುಗರಿಗಿಂತ ಕಡಿಮೆ ಇರಲಿಲ್ಲ, ತುಸು ಹೆಚ್ಚೇ ಇತ್ತು. ಆದರೆ ಆ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಪಾಲು ಕಡಿಮೆ. ಈ ವಯಸ್ಸಿನ ಆರೋಗ್ಯವಂತ ಮಕ್ಕಳು ಸಾಮಾನ್ಯವಾಗಿ ಶೇಕಡಾ 85ರ ಆಸುಪಾಸು ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾರೆ. ಆಮೇಲೆ ಓದಿ ತಿಳಿದುಕೊಂಡೆ: ಬೊಜ್ಜಿನ ಮಕ್ಕಳಲ್ಲಿ ಇದು ಎದ್ದು ಕಾಣುವ ಲಕ್ಷಣ. ಶ್ವಾಸಕೋಶದ ಗಾತ್ರ ಬೆಳೆದಷ್ಟು ವೇಗವಾಗಿ ಒಳಗಿನ ಗಾಳಿಕೊಳವೆಗಳ ಅಗಲ ಬೆಳೆದಿರುವುದಿಲ್ಲ. ಮದಗದ ಕೆರೆಯಷ್ಟು ನೀರಿದ್ದರೂ ತೂಬು ಕಿರಿದಾಗಿದ್ದರೆ ಗದ್ದೆಗೆ ಹೊತ್ತಿಗೆ ಸರಿಯಾಗಿ ನೀರು ಹಾಯುವುದಿಲ್ಲವಲ್ಲ, ಹಾಗೆ. ‘ಎದೆ ಅಗಲವಾಗಿದೆ, ಗಟ್ಟಿ ಹುಡುಗ’ ಎನ್ನುವ ನಮ್ಮ ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು.

ತೂಕ ಇನ್ನೂ ಎರಡು ದಾರಿಯಿಂದ ಉಸಿರನ್ನು ಕಾಡುತ್ತದೆ. ಹೊಟ್ಟೆಯ ಕೊಬ್ಬು ಕೆಳಗಿನಿಂದ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಎದೆಗೂಡಿನ ಮೇಲಿನ ಕೊಬ್ಬು ಅದನ್ನು ಸಲೀಸಾಗಿ ಅರಳಲು ಬಿಡುವುದಿಲ್ಲ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಒಂದಿಷ್ಟು ಗಾಳಿ ಉಳಿದು ಸಣ್ಣ ಕೊಳವೆಗಳನ್ನು ತೆರೆದಿಡಬೇಕು. ಆ ಉಳಿಕೆ ಗಾಳಿಯೇ ಕಡಿಮೆಯಾಗುವುದರಿಂದ ಅವು ಬೇಗ ಮುದುಡಿಕೊಳ್ಳುತ್ತವೆ. ಅಂಗಾತ ಮಲಗಿದರೆ ಈ ಒತ್ತಡ ಇನ್ನೂ ಹೆಚ್ಚು. ಜೊತೆಗೆ ಕೊಬ್ಬು ಸುಮ್ಮನೆ ಬಿದ್ದಿರುವ ಗಂಟಲ್ಲ. ಅದು ಲೆಪ್ಟಿನ್‌ನಂಥ ರಸಗಳನ್ನು ರಕ್ತಕ್ಕೆ ಬಿಡುತ್ತಾ ಮೈಯಲ್ಲಿ ಸಣ್ಣ ಉರಿಯೂತವನ್ನು ಜೀವಂತವಾಗಿಡುತ್ತದೆ. ಗಾಳಿಕೊಳವೆಗಳಿಗೂ ಅದರ ಬಿಸಿ ತಟ್ಟುತ್ತದೆ. ಅಮೆರಿಕದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬೊಜ್ಜಿನ ಮಕ್ಕಳಲ್ಲಿ ಹೊಸದಾಗಿ ಕಾಣಿಸಿಕೊಂಡ ಆಸ್ತಮಾದಲ್ಲಿ ಸುಮಾರು ಕಾಲು ಭಾಗಕ್ಕೆ ಬೊಜ್ಜೇ ಕಾರಣ ಎಂದಿತು. ಇಂಥ ಮಕ್ಕಳಲ್ಲಿ ಇನ್‌ಹೇಲರ್ ಔಷಧಿ ಕೆಲಸ ಮಾಡುವುದೂ ಕೆಲವೊಮ್ಮೆ ಕಡಿಮೆ. ಹಾಗಂತ ಏದುಸಿರು ಬಿಡುವ ದಪ್ಪ ಮಕ್ಕಳಿಗೆಲ್ಲ ಆಸ್ತಮಾ ಇರುವುದಿಲ್ಲ. ಕೆಲವರಿಗೆ ಬರೀ ಅಭ್ಯಾಸವಿಲ್ಲದ ಮೈ. ಯಾವುದು ಯಾವುದೆಂದು ಹೇಳಬೇಕಾದದ್ದು ಪರೀಕ್ಷೆ, ನೆರೆಮನೆಯವರ ಊಹೆಯಲ್ಲ.

ತರೀಕೆರೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದಳು. ಮೊಬೈಲ್ ನೋಡುತ್ತಾಳೆ, ರಾತ್ರಿ ಮಲಗುವುದಿಲ್ಲ ಎಂದು ಎಲ್ಲರ ದೂರು. ಅವಳಮ್ಮ ಹೇಳಿದ್ದೇ ಬೇರೆ. ‘ಒಂಬತ್ತಕ್ಕೆ ಮಲಗ್ತಾಳೆ ಮೇಡಂ, ಅವರಪ್ಪನ ಹಂಗೆ ಗೊರಕೆ ಹೊಡೀತಾಳೆ. ನಡುವೆ ಒಂದೊಂದ್ ಸಲ ಸದ್ದೇ ನಿಂತೋಗುತ್ತೆ, ಆಮೇಲೆ ಗಕ್ ಅಂತ ಎಳ್ಕೋತಾಳೆ.’ ಗೊರಕೆ ನಮ್ಮಲ್ಲಿ ಗಾಢ ನಿದ್ದೆಯ ಗುರುತು. ಮಕ್ಕಳಲ್ಲಿ ಅದು ಹಾಗಲ್ಲ. ಗಂಟಲಿನ ಸುತ್ತ ಕೊಬ್ಬು ಸೇರಿ, ಟಾನ್ಸಿಲ್ ಅಡಿನಾಯ್ಡ್ ಕೂಡ ಊದಿಕೊಂಡಿದ್ದರೆ, ನಿದ್ದೆಯಲ್ಲಿ ಗಾಳಿಯ ದಾರಿ ಮತ್ತೆ ಮತ್ತೆ ಮುಚ್ಚುತ್ತದೆ. ಪ್ರತಿ ಸಲವೂ ಮೆದುಳು ಎಚ್ಚೆತ್ತು ಉಸಿರನ್ನು ಮತ್ತೆ ಶುರುಮಾಡಬೇಕು. ರಾತ್ರಿಯಿಡೀ ಹೀಗೆ ಹೋರಾಡಿದ ಮಗು ಬೆಳಿಗ್ಗೆ ಗಣಿತಕ್ಕೆ ಹೇಗೆ ಎಚ್ಚರವಿದ್ದೀತು? ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿದ್ದನ್ನು ಕೊಳೆ ಎಂದುಕೊಂಡು ಆ ತಾಯಿ ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ತಿಕ್ಕುತ್ತಿದ್ದರು. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ; ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ. ತರೀಕೆರೆ ಕಡೆಯವರು ದೊಡ್ಡ ಕಾಯಿಲೆಗೆ ಶಿವಮೊಗ್ಗದ ಬಸ್ಸು ಹತ್ತುವುದು ರೂಢಿ. ಗೊರಕೆಗೂ ಬಸ್ಸು ಹತ್ತಬೇಕೇ ಎಂದು ಕೇಳಿದರು. ಹತ್ತಬೇಕು ಎಂದೆ.

ಇನ್ನು ನಮ್ಮ ಗಾಳಿ. ಹಳ್ಳಿ ಗಾಳಿ ಶುದ್ಧ ಎನ್ನುವ ನಂಬಿಕೆ ನನಗೂ ಇಷ್ಟವೇ, ಆದರೆ ವರ್ಷವಿಡೀ ಅದು ನಿಜವಲ್ಲ. ತರೀಕೆರೆಯಲ್ಲಿ ಅಡಿಕೆ ಕೊಯ್ಲು ಬಂತೆಂದರೆ ಹಂಡೆಯ ಕೆಳಗೆ ಸೌದೆ ಉರಿದು ಕೇರಿಗೆ ಕೇರಿಯೇ ಹೊಗೆ. ಕಡೂರಿನಲ್ಲಿ ರಾಗಿ ಒಕ್ಕಣೆಯ ದೂಳು. ಅಜ್ಜಂಪುರದ ಎರೆಭೂಮಿಯಲ್ಲಿ ಈರುಳ್ಳಿ ಕಿತ್ತು ಮನೆ ಮುಂದೆ ರಾಶಿ ಹಾಕಿ ವಿಂಗಡಿಸುವಾಗ ಸಿಪ್ಪೆ, ಮಣ್ಣು ಗಾಳಿಗೆ ಏಳುತ್ತದೆ. ಮೂರೂ ಕಡೆ ರಸ್ತೆ ಬದಿಗೆ ಕಾಂಗ್ರೆಸ್ ಗಿಡ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮಲ್ಲಿ ಬಂದ ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆದದ್ದನ್ನು ದಾಖಲಿಸಿದ್ದಾರೆ. ಅದು ನಗರದ ಕಥೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಆಸ್ತಮಾ ಇರುವ ಮಕ್ಕಳ ಮನೆಗಳ ಒಳಗಿನ ಸೂಕ್ಷ್ಮ ದೂಳನ್ನು ಅಳೆದು ನೋಡಿದಾಗ, ಅಷ್ಟೇ ದೂಳಿಗೆ ತೂಕ ಹೆಚ್ಚಿರುವ ಮಕ್ಕಳು ಹೆಚ್ಚು ನರಳಿದ್ದು ಕಂಡುಬಂತು. ಒಲೆಯ ಹೊಗೆಯ ಮುಂದೆ ಕೂರುವ ನಮ್ಮ ದಪ್ಪ ಮಕ್ಕಳ ಗತಿ ಬೇರೆ ಇರಲಾರದು.

ತೂಕ ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಿಂದೆ ನಡೆದು ಬರುತ್ತಿದ್ದ ಮಕ್ಕಳನ್ನು ಹಳದಿ ವ್ಯಾನು ಮನೆ ಬಾಗಿಲಿಗೇ ಇಳಿಸುತ್ತದೆ. ಶಾಲೆ ಗೇಟಿನ ಎದುರು ಐದು ರೂಪಾಯಿಯ ಕುರುಕಲು ಪೊಟ್ಟಣ, ಬೇಕರಿಯ ಪಫ್ಸು, ಸಂಜೆ ಗೋಬಿ. ಮುದ್ದೆ ಕಂಡರೆ ಮುಖ ತಿರುಗಿಸುವ ಮಕ್ಕಳಿಗೆ ಮೂರು ಹೊತ್ತೂ ಅನ್ನ. ಆದರೆ ಜನ ಹೆಚ್ಚು ಮಾತಾಡದ ಇನ್ನೊಂದು ಕಾರಣವಿದೆ. ದಮ್ಮು ಬಂದಾಗೆಲ್ಲ ಓಡಿಹೋಗಿ ಸೂಜಿ ಹಾಕಿಸುವುದು, ಹಳೇ ಚೀಟಿ ತೋರಿಸಿ ಅದೇ ಸಿರಪ್ಪು ಮಾತ್ರೆ ತರುವುದು, ಹೆಸರಿಲ್ಲದ ಪುಡಿಯ ಪೊಟ್ಟಣ ನುಂಗಿಸುವುದು. ಇವುಗಳಲ್ಲಿ ಸ್ಟೀರಾಯ್ಡ್ ಇದ್ದರೆ, ಮತ್ತೆ ಮತ್ತೆ ಕೊಟ್ಟರೆ, ಮಗುವಿಗೆ ಹಸಿವು ಹೆಚ್ಚಿ ಮುಖ ಊದಿ ತೂಕ ಏರುತ್ತದೆ. ತೂಕ ಏರಿದಷ್ಟೂ ಉಸಿರು ಕೆಡುತ್ತದೆ, ಮತ್ತೆ ಸೂಜಿ. ಈ ಸುಳಿಗೆ ಸಿಕ್ಕವರೇ ‘ಪಂಪು ಹಾಕಿದರೆ ಚಟ ಆಗುತ್ತೆ’ ಎಂದು ಇನ್‌ಹೇಲರಿಗೆ ಹೆದರುತ್ತಾರೆ. ಪಂಪಿನಿಂದ ಎದೆಗೆ ಹೋಗುವ ಔಷಧಿ ಮೈಕ್ರೋಗ್ರಾಂ ಲೆಕ್ಕದ್ದು, ಮಾತ್ರೆಯದ್ದು ಮಿಲಿಗ್ರಾಂ ಲೆಕ್ಕ. ಚಟ ಆಗುವುದಿಲ್ಲ. ಸ್ಪೇಸರ್ ಡಬ್ಬಿ ಜೋಡಿಸಿ ಕೊಟ್ಟರೆ ಸಣ್ಣ ಮಕ್ಕಳೂ ಸರಿಯಾಗಿ ಎಳೆದುಕೊಳ್ಳುತ್ತಾರೆ. ವೈದ್ಯರು ಬರೆದ ಔಷಧಿಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಕಡೂರಿನ ಆ ಹುಡುಗನ ವೈದ್ಯರು ಹೇಳಿದ ಮಾತು ನನ್ನ ಕೆಲಸದ ರೀತಿಯನ್ನು ಬದಲಿಸಿತು: ಆಟ ಬಿಡಿಸಬೇಡಿ, ಔಷಧಿ ಸರಿಮಾಡಿ ಆಡಿಸಿ. ಅಂದಿನಿಂದ ಇಂಥ ಮಕ್ಕಳಿಗೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಸುತ್ತೇನೆ. ಉದ್ದದ ಓಟ ಮೊದಲಿಗೆ ಬೇಡ. ಸ್ವಲ್ಪ ಓಡು, ಸ್ವಲ್ಪ ನಡೆ, ಮತ್ತೆ ಓಡು. ಖೋ ಖೋ ಇದಕ್ಕೆ ಹೇಳಿ ಮಾಡಿಸಿದ ಆಟ, ಓಟದ ನಡುವೆ ಕೂರುವ ಬಿಡುವಿದೆ. ಚಳಿಯ ಬೆಳಿಗ್ಗೆ ಬಾಯಿಗೆ ಕರವಸ್ತ್ರ. ವೈದ್ಯರು ಹೇಳಿದ್ದರೆ ಆಟಕ್ಕೆ ಮುಂಚೆ ಪಂಪು; ಅದು ನನ್ನ ಕೈಚೀಲದಲ್ಲೇ ಇರುತ್ತದೆ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ. ‘ಡುಮ್ಮ’ ಎಂಬ ಮಾತು ನನ್ನ ಮೈದಾನದಲ್ಲಿ ಯಾರ ಬಾಯಲ್ಲೂ ಬರಕೂಡದು. ನಗೆಗೆ ಹೆದರಿದ ಮಗು ಎಂದೂ ಓಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಶಾಲಾ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ. ನಮ್ಮ ವೇಳಾಪಟ್ಟಿಯಲ್ಲಿ ಪಿಟಿ ಪೀರಿಯಡ್ ವಾರದಲ್ಲಿ ಕೆಲವೇ ದಿನ, ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ ಹೋಗುತ್ತದೆ. ಇದು ತಪ್ಪು ಎಂದು ಸಿಬ್ಬಂದಿ ಸಭೆಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಆ ಹುಡುಗ ತೆಳ್ಳಗೇನೂ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಬೆಳೆಯುವ ಮಗುವಿಗೆ ಉಪವಾಸ ಸಲ್ಲದು. ಎಷ್ಟೋ ಮಕ್ಕಳಿಗೆ ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೆ ಸಾಕಾಗುತ್ತದೆ. ಮನೆಯಲ್ಲಿ ತಂಪು ಪಾನೀಯ, ಪೊಟ್ಟಣ ನಿಂತವು. ರಾತ್ರಿ ಮುದ್ದೆ ಸೊಪ್ಪಿನ ಸಾರು ಮನೆಮಂದಿಗೆಲ್ಲ ಬಂತು, ಅವನೊಬ್ಬನಿಗೇ ಪಥ್ಯ ಅನ್ನಿಸದಂತೆ. ಮುಂದಿನ ವರ್ಷದ ಹೊತ್ತಿಗೆ ಆಟ ಮುಗಿದ ಮೇಲಿನ ಕೆಮ್ಮು ಕಾಣದಾಯಿತು. ಖೋ ಖೋ ತಂಡದಲ್ಲಿ ಆಡಿದ.

ನಮ್ಮ ಕಡೆ ತಾಯಂದಿರಿಗೆ ಮಗನ ಉಡುದಾರ ಬಿಗಿಯಾದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಮುಂದಿನ ಸಲ ದಾರ ಬದಲಿಸುವ ಮೊದಲು ಒಂದು ಕೆಲಸ ಮಾಡಿ. ಗಂಡಾಗಲಿ ಹೆಣ್ಣಾಗಲಿ, ಐದು ವರ್ಷ ದಾಟಿದ ಮಗುವಿನ ಎತ್ತರದಷ್ಟು ದಾರ ಅಳೆದು, ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ, ಸೊಂಟಕ್ಕೆ ಸುತ್ತಿ ನೋಡಿ. ತುದಿಗೆ ತುದಿ ಮುಟ್ಟದಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದರ್ಥ. ಜೊತೆಗೆ ಗೊರಕೆ, ಆಟದ ನಂತರದ ಕೆಮ್ಮು, ರಾತ್ರಿ ಎದ್ದು ಕೂರುವುದು ಇವುಗಳಲ್ಲಿ ಒಂದಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಿ. ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಅವರಿಗೂ ಹೇಳಿ. ಮತ್ತು ದಯವಿಟ್ಟು, ‘ಆಟಕ್ಕೆ ಬೇಡ’ ಎನ್ನುವ ಚೀಟಿಯ ಬದಲು ‘ಹೀಗೆ ಆಡಿಸಿ’ ಎಂದು ವೈದ್ಯರಿಂದ ಬರೆಸಿಕೊಂಡು ಬನ್ನಿ. ಆಡಿಸುವ ಜವಾಬ್ದಾರಿ ನಮ್ಮದು.