ರೌಲೆಟೆಡ್ ಮಡಕೆ ಮತ್ತು ಬ್ರಹ್ಮಗಿರಿಯ ಕಾಲಮಾನ: ಒಂದು ಮರುಚಿಂತನೆ

ಪ್ರಾಚೀನ ವಾಣಿಜ್ಯ ಮಾರ್ಗಗಳನ್ನು ಕುರಿತ ವಿದ್ವಾಂಸರ ಅಭಿಪ್ರಾಯ ಬದಲಾದಂತೆ, ಅವುಗಳ ಆಧಾರದಿಂದ ನಿರ್ಧರಿಸಿದ ಒಳನಾಡಿನ ನೆಲೆಗಳ ಕಾಲಮಾನವೂ ಮರುಪರಿಶೀಲನೆಗೆ ಒಳಗಾಗಬೇಕಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಇದಕ್ಕೆ ಉತ್ತಮ ನಿದರ್ಶನ.

ಮಾರ್ಟಿಮರ್ ವ್ಹೀಲರ್ ಅವರು 1945ರಲ್ಲಿ ಪುದುಚೇರಿ ಸಮೀಪದ ಅರಿಕಮೇಡುವಿನಲ್ಲಿ ಉತ್ಖನನ ನಡೆಸಿದರು. ಅಲ್ಲಿ ದೊರೆತ ಇಟಲಿಯ ಅರೆಟೈನ್ ಮಡಕೆ ಚೂರುಗಳ ಕಾಲ ಯುರೋಪಿನಲ್ಲಿ ಮೊದಲೇ ನಿಶ್ಚಿತವಾಗಿದ್ದುದರಿಂದ, ಆ ನೆಲೆಯನ್ನು ಕ್ರಿ.ಶ. ಒಂದನೆಯ ಶತಮಾನದ ಇಂಡೋ-ರೋಮನ್ ವ್ಯಾಪಾರ ಕೇಂದ್ರವೆಂದು ಅವರು ಗುರುತಿಸಿದರು. ಅಲ್ಲಿಯೇ ಸಿಕ್ಕ ರೌಲೆಟೆಡ್ ಮಡಕೆಯ, ಎಂದರೆ ಒಳತಳದಲ್ಲಿ ಸಣ್ಣ ಗುಳಿಗಳ ವರ್ತುಲಗಳನ್ನು ಒತ್ತಿದ ನಯವಾದ ತಟ್ಟೆಗಳ, ಮೂಲವೂ ಮೆಡಿಟರೇನಿಯನ್ ಎಂಬುದು ಅವರ ತರ್ಕ. 1947ರಲ್ಲಿ ಬ್ರಹ್ಮಗಿರಿ ಹಾಗೂ ಚಂದ್ರವಳ್ಳಿಗಳಲ್ಲಿ ಅದೇ ಬಗೆಯ ಚೂರುಗಳು ಕಂಡಾಗ, ಬ್ರಹ್ಮಗಿರಿಯ ಆ ಪದರವು ಕ್ರಿ.ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾಯಿತೆಂದರು. ಅದರ ಕೆಳಗಿನ ಬೃಹತ್ ಶಿಲಾ ಸಂಸ್ಕೃತಿಗೆ ಕ್ರಿ.ಪೂ. 200ರಿಂದೀಚಿನ ಕಾಲ ಕೊಟ್ಟರು. ಹೀಗೆ ನಮ್ಮ ನಾಡಿನ ಕಬ್ಬಿಣಯುಗದ ಕಾಲಗಣನೆ ಕರಾವಳಿಯ ಇಟಲಿ ಚೂರುಗಳಿಗೆ ಕಟ್ಟುಬಿದ್ದಿತು.

ಈ ತರ್ಕದ ತಳಹದಿ ಸಡಿಲಗೊಂಡದ್ದು 1980ರ ದಶಕದಲ್ಲಿ. ಅರಿಕಮೇಡುವಿನ ಸಾಮಗ್ರಿಯನ್ನು ಮರುಪರಿಶೀಲಿಸಿದ ವಿಮಲಾ ಬೇಗ್ಲಿ ಅವರು, ರೌಲೆಟೆಡ್ ಮಡಕೆ ಭಾರತದಲ್ಲೇ ತಯಾರಾದುದು, ರೋಮನ್ ವ್ಯಾಪಾರ ಬೆಳೆಯುವುದಕ್ಕೂ ಮೊದಲೇ ಬಳಕೆಯಲ್ಲಿದ್ದುದು ಎಂದು ವಾದಿಸಿದರು. ಅನಂತರದ ಜೇಡಿಮಣ್ಣಿನ ವಿಶ್ಲೇಷಣೆಗಳೂ ಭಾರತೀಯ ಮೂಲವನ್ನೇ ಸಮರ್ಥಿಸಿವೆ. (ಗುಳಿ ಒತ್ತುವ ತಂತ್ರ ಹೊರಗಿನಿಂದ ಬಂದಿತೆ ಎಂಬ ಪ್ರಶ್ನೆ ಬೇರೆ.) ಶ್ರೀಲಂಕಾದ ಅನುರಾಧಪುರ, ಬಾಲಿಯ ಸೆಂಬಿರನ್‌ಗಳಲ್ಲಿಯೂ ಇದು ದೊರೆತಿರುವುದರಿಂದ, ಪಶ್ಚಿಮದತ್ತಲೇ ನೆಟ್ಟಿದ್ದ ವಿದ್ವಾಂಸರ ದೃಷ್ಟಿ ಬಂಗಾಳಕೊಲ್ಲಿಯ ಕಡೆಗೂ ಹೊರಳಿತು.

ಅಷ್ಟರಲ್ಲಾಗಲೇ ಹಾವೇರಿ ಜಿಲ್ಲೆಯ ಹಳ್ಳೂರಿನ ಇಂಗಾಲ-14 ಕಾಲಗಣನೆಯು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತ್ತು. ವ್ಹೀಲರ್ ಅವರನ್ನು ಆಕ್ಷೇಪಿಸುವುದು ಈಗ ಸುಲಭ. ಆದರೆ 1947ರಲ್ಲಿ ಈ ವಿಧಾನ ಅವರಿಗೆ ಲಭ್ಯವಿರಲಿಲ್ಲ. ನವಶಿಲಾಯುಗದ ಮೇಲೆ ಬೃಹತ್ ಶಿಲಾ ಸಂಸ್ಕೃತಿ, ಅದರ ಮೇಲೆ ಇತಿಹಾಸಾರಂಭದ ಕಾಲ ಎಂದು ಅವರು ತೋರಿಸಿದ ಪದರಗಳ ಅನುಕ್ರಮವೂ ಸ್ಥೂಲವಾಗಿ ಉಳಿದುಕೊಂಡಿದೆ. ಚಂದ್ರವಳ್ಳಿಯಲ್ಲಿ ದೊರೆತ ತಿಬೇರಿಯಸ್‌ನ ಬೆಳ್ಳಿ ನಾಣ್ಯವಂತೂ ರೋಮನ್ ಸಂಪರ್ಕಕ್ಕೆ ನಿಜವಾದ ಸಾಕ್ಷಿಯೇ. ಅಲ್ಲಿಯ ರೌಲೆಟೆಡ್ ತಟ್ಟೆಗೆ ಆ ಮಾತು ಅನ್ವಯಿಸದು. ಆದ್ದರಿಂದ ಹಳೆಯ ಉತ್ಖನನ ವರದಿಗಳನ್ನು ಓದುವಾಗ, ಅಲ್ಲಿನ ಕಾಲನಿರ್ಣಯವು ನಾಣ್ಯದಿಂದ ಬಂದುದೋ, ಇಂಗಾಲದಿಂದ ಬಂದುದೋ ಅಥವಾ ಅರಿಕಮೇಡುವಿನಿಂದ ಎರವಲು ಪಡೆದುದೋ ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ.